ಅಂಗಾಂಶ ಕೃಷಿಯ ಪೋಷಕ ಮಾಧ್ಯಮ: ತರಗತಿಯಲ್ಲಿ ವಿವರಿಸುವ ಕ್ರಮ

ಲಿಂಗಸುಗೂರು ಭಾಗದ ದಾಳಿಂಬೆ ಬೆಳೆಗಾರರ ಮಕ್ಕಳಿಗೆ ‘ಟಿಶ್ಯೂ ಕಲ್ಚರ್ ಸಸಿ’ ಎಂಬ ಮಾತು ಹೊಸದಲ್ಲ. ‘ಈ ಸಸಿಗೆ ರೋಗವೇ ಬರುವುದಿಲ್ಲ’ ಎಂಬ ನಂಬಿಕೆಯೂ ಅದರೊಂದಿಗೆ ತರಗತಿಗೆ ಬರಬಹುದು. ಅಲೈಂಗಿಕ ಸಂತಾನೋತ್ಪತ್ತಿಯ ಪಾಠದಲ್ಲಿ ಮಾಧ್ಯಮದ ತಯಾರಿಕೆಯನ್ನು ಕಾರಣಸಹಿತ ವಿವರಿಸಿದರೆ ಈ ತಪ್ಪು ಕಲ್ಪನೆಯನ್ನು ತಿದ್ದಬಹುದು.

ಹೆಚ್ಚು ಬಳಕೆಯಲ್ಲಿರುವುದು ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ಪ್ರಕಟಿಸಿದ ‘ಎಂಎಸ್ ಮಾಧ್ಯಮ’. ಒಂದು ಲೀಟರ್ ತಯಾರಿಸಲು ಹೀಗೆ ಮಾಡುತ್ತಾರೆ:

1. ಸುಮಾರು 800 ಮಿ.ಲೀ. ಬಟ್ಟಿ ಇಳಿಸಿದ ನೀರಿನಲ್ಲಿ ಲವಣಗಳನ್ನು ಕರಗಿಸುವುದು. ಸಿಂಧನೂರಿನ ಭತ್ತದ ಗದ್ದೆಗೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಷ್ ಇಲ್ಲಿಯೂ ಬೇಕು. ಉದಾಹರಣೆಗೆ, ಪೊಟ್ಯಾಸಿಯಂ ನೈಟ್ರೇಟ್ 1900 ಮಿ.ಗ್ರಾಂ. ಕೊಳವೆಬಾವಿಯ ಸವಳು ನೀರಿನಲ್ಲಿ ಮೊದಲೇ ಲವಣಗಳಿರುವುದರಿಂದ ಅದು ಆಗದು.
2. ಜೀವಸತ್ವ ಮತ್ತು ಸಸ್ಯ ಹಾರ್ಮೋನು ಸೇರಿಸುವುದು. ಸೈಟೋಕೈನಿನ್ ಹೆಚ್ಚಿದ್ದರೆ ಚಿಗುರು, ಆಕ್ಸಿನ್ ಹೆಚ್ಚಿದ್ದರೆ ಬೇರು.
3. ಸಕ್ಕರೆ 30 ಗ್ರಾಂ ಹಾಕುವುದು. ಮುಚ್ಚಿದ ಬಾಟಲಿಯಲ್ಲಿರುವ ಅಂಗಾಂಶದ ಚೂರು ತನಗೆ ಸಾಕಾಗುವಷ್ಟು ಆಹಾರ ತಯಾರಿಸಲಾರದು.
4. ನೀರು ಸೇರಿಸಿ ಒಂದು ಲೀಟರ್ ಮಾಡಿ, ಪಿಎಚ್ 5.8ಕ್ಕೆ ಹೊಂದಿಸುವುದು. ಮಾಧ್ಯಮ ಗಟ್ಟಿಯಾದ ಮೇಲೆ ಇದು ಸಾಧ್ಯವಿಲ್ಲ.
5. ಅಗಾರ್ 8 ಗ್ರಾಂ ಹಾಕಿ ಕಾಯಿಸಿ ಕರಗಿಸಿ, ಬಾಟಲಿಗಳಿಗೆ ತುಂಬುವುದು.
6. ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 20 ನಿಮಿಷ ಕ್ರಿಮಿಶುದ್ಧಿ ಮಾಡುವುದು.

ಆರನೆಯ ಹಂತದಲ್ಲಿ ನಿಂತು ‘ಈ ಸಕ್ಕರೆಯನ್ನು ಇನ್ಯಾರು ತಿನ್ನಬಹುದು?’ ಎಂದು ಕೇಳಬೇಕು. ಬೂಷ್ಟು, ಬ್ಯಾಕ್ಟೀರಿಯಾ ಎಂಬ ಉತ್ತರ ಮಕ್ಕಳಿಂದಲೇ ಬರಲಿ.

ಮಸ್ಕಿ, ಸಿಂಧನೂರಿನ ಹಳ್ಳಿಶಾಲೆಯಲ್ಲೂ ಇದನ್ನು ತೋರಿಸಬಹುದು. ಆಲೂಗಡ್ಡೆ ಬೇಯಿಸಿ ಸೋಸಿದ 200 ಮಿ.ಲೀ. ನೀರಿಗೆ 6 ಗ್ರಾಂ ಸಕ್ಕರೆ, 2 ಗ್ರಾಂ ಚೈನಾ ಗ್ರಾಸ್ ಹಾಕಿ ಕರಗಿಸಿ. ಎರಡು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಹತ್ತಿ ತುರುಕಿ, ಪ್ರೆಶರ್ ಕುಕ್ಕರಿನಲ್ಲಿ 20 ನಿಮಿಷ ಇಡಿ. ಕುಕ್ಕರನ್ನು ಶಿಕ್ಷಕರೇ ನಿರ್ವಹಿಸಲಿ. ಬಿಸಿಯೂಟದ ಕುಕ್ಕರ್ ಬೇಡ. ತಣ್ಣಗಾದ ಮೇಲೆ ಒಂದು ಬಾಟಲಿಯನ್ನು ಒಂದು ತಾಸು ತೆರೆದಿಟ್ಟು ಮತ್ತೆ ಮುಚ್ಚಿ. ವಾರದಲ್ಲಿ ಸಾಮಾನ್ಯವಾಗಿ ಅದರಲ್ಲಿ ಬೂಷ್ಟು ಕಾಣುತ್ತದೆ. ಅದನ್ನು ತೆರೆಯದೆ, ಮತ್ತೆ ಕುಕ್ಕರಿನಲ್ಲಿ ಕಾಯಿಸಿಯೇ ಚೆಲ್ಲಬೇಕು.

ಈಗ ಸಸಿಯ ಮಾತಿಗೆ ಬರಬಹುದು. ಆರೋಗ್ಯವಂತ ತಾಯಿಗಿಡದಿಂದ ಶುದ್ಧ ಮಾಧ್ಯಮದಲ್ಲಿ ಬೆಳೆದ ಸಸಿ ರೋಗಮುಕ್ತವಾಗಿ ಹೊಲಕ್ಕೆ ಬರುತ್ತದೆ. ಆದರೆ ಹೊಲವೆಂದರೆ ಬಾಯಿ ತೆರೆದ ಬಾಟಲಿ. ದುಂಡಾಣು ಅಂಗಮಾರಿ ಅಲ್ಲಿ ಈ ಸಸಿಗೂ ತಗಲಬಹುದು. ದುಡ್ಡು ಕೊಟ್ಟು ಸಸಿ ತಂದ ಮನೆಯವರು ಆರೈಕೆ ಬಿಡುವಂತಿಲ್ಲ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: ‘ರೋಗಮುಕ್ತ’ ಸಸಿಗೂ ‘ರೋಗನಿರೋಧಕ’ ಸಸಿಗೂ ಏನು ವ್ಯತ್ಯಾಸ?