ನಿಮಗಿದು ಗೊತ್ತೆ? 11ರಿಂದ ಶುರುವಾದ ಚಿತ್ರಕಥೆ

ಇಂಗ್ಲಿಷಿನ ಅಮರ ಚಿತ್ರ ಕಥೆ ಮಾಲಿಕೆಯ ಮೊದಲ ಪುಸ್ತಕ ‘ಕೃಷ್ಣ’. ಅದರ ಸಂಖ್ಯೆ ಮಾತ್ರ 1 ಅಲ್ಲ, 11! ಮೊದಲ ಹತ್ತು ಕನ್ನಡದವು. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಪಾಶ್ಚಾತ್ಯ ಕಿನ್ನರಿ ಕಥೆಗಳನ್ನು ಕನ್ನಡದ ಕಾಮಿಕ್ಸ್ ಮಾಡಿ ತಂದಿದ್ದರು. ಮಾಲಿಕೆಯನ್ನು ದೇಶಕ್ಕೇ ಮನೆಮಾತಾಗಿಸಿದ ಅನಂತ ಪೈ ಕೂಡ ನಮ್ಮ ಕಾರ್ಕಳದವರೇ. 1964ರಲ್ಲಿ ಫ್ಯಾಂಟಮ್‌ನನ್ನು ಮಕ್ಕಳ ಕೈಗಿಟ್ಟ ಇಂದ್ರಜಾಲ ಕಾಮಿಕ್ಸ್‌ಗೂ ಅವರು ದುಡಿದಿದ್ದರು.

ಹಳೇ ಕಾಮಿಕ್ಸ್‌ಗೆ ಭಾರಿ ಬೆಲೆ ಬರುವುದೂ ಉಂಟು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆ್ಯಕ್ಷನ್ ಕಾಮಿಕ್ಸ್’ಗೆ 1938ರಲ್ಲಿ ಬೆಲೆ 10 ಸೆಂಟ್. ಅದರದೊಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರ್‌ಗೆ ಹರಾಜಾಯಿತು. ಬೆಲೆ ಕಟ್ಟುವವರು ವಯಸ್ಸಿಗಿಂತ ಸ್ಥಿತಿಯನ್ನೇ ಹೆಚ್ಚು ನೋಡುತ್ತಾರೆ: ಪಿನ್ನು ತುಕ್ಕು ಹಿಡಿದಿದೆಯೇ, ರಟ್ಟು ಮೂಲದ್ದೇ, ಒಳಪುಟಗಳೆಲ್ಲ ಇವೆಯೇ, ಬೆನ್ನಿನ ಬಳಿ ಮಡಿಕೆ ಬಿದ್ದಿದೆಯೇ.

ಕನ್ನಡದ ಆ ಹತ್ತರಲ್ಲಿ ಒಂದಾದರೂ ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಹಳೇ ಮನೆಗಳ ಅಟ್ಟದಲ್ಲಿ ಇದ್ದೀತು. ಹಳೇ ಪೇಪರ್‌ನವರಿಗೆ ತೂಕಕ್ಕೆ ಹಾಕುವ ಮುನ್ನ ದಯವಿಟ್ಟು ಒಮ್ಮೆ ನೋಡಿ. ಸಿಕ್ಕರೆ, ಹರಿದ ಕಡೆ ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ. ಅದರ ಅಂಟು ಕಾಗದಕ್ಕಿಳಿದು ಹಳದಿ ಕಲೆ ಮಾಡುತ್ತದೆ.