ಎಣಿಸೋದು ಬೇರೆ, ಬೆನ್ನು ಹತ್ತೋದು ಬೇರೆ

ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ನಮ್ಮಕ್ಕನ ಫೋನ್ ಬಂತು. ಬುಲೆಟಿನ್ ಮುಗಿಸಿ ಆಗಷ್ಟೇ ಮೇಕಪ್ ತೆಗೀತಿದ್ದೆ. "ನಾನು ಯಾರಿಗೂ ಹೇಳಿಲ್ಲ ಕಣೋ, ನಿಮ್ಮ ಭಾವನಿಗೂ ಹೇಳಿಲ್ಲ. ಈ ಫೋನಿಗೆ ಹೇಗೆ ಗೊತ್ತಾಯ್ತು?" ಅಂದಳು. ಧ್ವನಿ ನಡುಗುತ್ತಿತ್ತು.

ಆಗಿದ್ದಿಷ್ಟು. ಅಕ್ಕನಿಗೆ ಎದೆಯಲ್ಲಿ ಸಣ್ಣದೊಂದು ಗಂಟು ಕೈಗೆ ಸಿಕ್ಕಿತ್ತು. ಹೆದರಿ, ಎಲ್ಲರೂ ಮಲಗಿದ ಮೇಲೆ ಫೋನಿನಲ್ಲಿ ಒಂದೆರಡು ಆರೋಗ್ಯದ ವೆಬ್‌ಸೈಟ್ ತೆರೆದು ಓದಿದ್ದಾಳೆ. ಎರಡು ದಿನ ಬಿಟ್ಟು ಮಗಳು ಅದೇ ಫೋನಿನಲ್ಲಿ ಅಡುಗೆ ರೆಸಿಪಿ ನೋಡುತ್ತಿದ್ದಾಗ ಪಕ್ಕದಲ್ಲಿ ಕ್ಯಾನ್ಸರ್ ಆಸ್ಪತ್ರೆಯ ಜಾಹೀರಾತು. ಬೇರೆ ಪುಟಕ್ಕೆ ಹೋದರೆ ಅಲ್ಲೂ ಅದೇ. "ಅಮ್ಮಾ, ನಿಂಗೇನಾಗಿದೆ?" ಅಂತ ಮಗು ಕೇಳಿತು. ದೇವರ ದಯೆ, ಪರೀಕ್ಷೆ ಮಾಡಿಸಿದಾಗ ಅಪಾಯದ ಗಂಟಲ್ಲ ಅಂತ ಗೊತ್ತಾಯ್ತು. ಆದರೆ ಮನೆಯವರಿಗೆ ಯಾವಾಗ ಹೇಳಬೇಕು, ಹೇಗೆ ಹೇಳಬೇಕು ಅನ್ನೋದು ಅವಳಿಗೆ ಬಿಟ್ಟ ವಿಷಯವಾಗಿತ್ತು. ಅದನ್ನು ಒಂದು ಜಾಹೀರಾತು ಕಿತ್ತುಕೊಂಡಿತು. ಅವಳನ್ನು ಕೇಳಿ, ಅವಳು ಹೂಂ ಅಂದ ಮೇಲೇ ಇದನ್ನು ನಿಮ್ಮ ಮುಂದೆ ಹೇಳ್ತಿದ್ದೀನಿ.

ಇದು ಹೇಗೆ ಸಾಧ್ಯ? ದೇವಸ್ಥಾನಕ್ಕೆ ಹೋಗ್ತೀರಿ. ಹೊರಗೆ ಚಪ್ಪಲಿ ಬಿಟ್ಟರೆ ಒಂದು ಟೋಕನ್ ಕೊಡ್ತಾರೆ. ದರ್ಶನ ಮುಗಿಸಿ ಬಂದು ಟೋಕನ್ ತೋರಿಸಿದರೆ ನಿಮ್ಮ ಚಪ್ಪಲಿ ನಿಮಗೆ. ನಿಮ್ಮ ಹೆಸರು, ಊರು ಅವನಿಗೆ ಬೇಕಿಲ್ಲ. ಕುಕಿ ಅಂದ್ರೆ ಇದೇ ಟೋಕನ್. ವೆಬ್‌ಸೈಟ್ ನಿಮ್ಮ ಫೋನಿನಲ್ಲಿ ಇಟ್ಟು ಹೋಗುವ ಪುಟ್ಟದೊಂದು ಚೀಟಿ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಎಂಜಿನಿಯರ್ ಲೂ ಮೊಂಟುಲಿ ಇದನ್ನು ರೂಪಿಸಿದರು. ಅದಕ್ಕೂ ಮೊದಲು ವೆಬ್‌ಸೈಟ್‌ಗಳಿಗೆ ನೆನಪಿನ ಶಕ್ತಿಯೇ ಇರಲಿಲ್ಲ. ಒಂದು ಪುಟದಿಂದ ಇನ್ನೊಂದಕ್ಕೆ ಹೋದರೆ ನೀವು ಮತ್ತೆ ಹೊಸಬರು. ಇವತ್ತು ನೀವು ಆನ್‌ಲೈನ್ ಅಂಗಡಿಯ ಬುಟ್ಟಿಗೆ ಹಾಕಿದ ಸಾಮಾನು ಅಲ್ಲೇ ಉಳಿಯುತ್ತಲ್ಲ, ಅದು ಕುಕಿಯ ಉಪಕಾರ.

ತೊಂದರೆ ಎಲ್ಲಿಂದ ಬಂತು ಕೇಳಿ. ಚಪ್ಪಲಿ ಸ್ಟ್ಯಾಂಡ್ ಪಕ್ಕದಲ್ಲಿ ಹೊರಗಿನವನೊಬ್ಬ ನಿಂತು ನಿಮ್ಮ ಜೇಬಿಗೆ ತನ್ನದೊಂದು ನಂಬರಿನ ಚೀಟಿ ಹಾಕ್ತಾನೆ. ಅವನದ್ದೇ ಜನ ಮೆಡಿಕಲ್ ಶಾಪಿನಲ್ಲೂ ಇದ್ದಾರೆ, ಬಟ್ಟೆ ಅಂಗಡಿಯಲ್ಲೂ ಇದ್ದಾರೆ, ಲ್ಯಾಬಿನ ಬಾಗಿಲಲ್ಲೂ ಇದ್ದಾರೆ. ಹೋದಲ್ಲೆಲ್ಲ ಅದೇ ನಂಬರ್ ನೋಡಿ ಬರ್ಕೋತಾರೆ. ಸಂಜೆ ಎಲ್ಲರ ಪಟ್ಟಿ ಒಂದೇ ಕಡೆ ಸೇರುತ್ತೆ. ಇವನೇ ಥರ್ಡ್ ಪಾರ್ಟಿ ಕುಕಿ. ಅಕ್ಕನ ಬೆನ್ನು ಹತ್ತಿದ್ದು ಇಂಥವನೇ.

ಹಾಗಂತ ಓದುಗರ ಲೆಕ್ಕ ಇಡೋದೇ ತಪ್ಪು ಅಂತ ನಾನು ಹೇಳಲ್ಲ. ನಾನು ಟಿವಿಯವನು, ಟಿಆರ್‌ಪಿ ಗೊತ್ತಿಲ್ಲದೆ ನಮಗೆ ಗುರುವಾರವೇ ಇಲ್ಲ. ಆದರೆ ಬಾರ್ಕ್ ಸಂಸ್ಥೆ ಆಯ್ದ ಮನೆಗಳಲ್ಲಿ ಮೀಟರ್ ಇಡೋದು ಆ ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆ. ವೆಬ್‌ಸೈಟ್‌ಗೂ ಎಷ್ಟು ಜನ ಬಂದರು, ಯಾವ ಸುದ್ದಿ ಓದಿದರು, ಯಾವ ಪುಟ ತೆರೆಯದೆ ಕೈಕೊಟ್ಟಿತು ಅನ್ನೋದು ಗೊತ್ತಾಗಬೇಕು. ಇದನ್ನೇ ವೆಬ್ ಅನಾಲಿಟಿಕ್ಸ್ ಅಂತಾರೆ. ತಲೆ ಎಣಿಸಿ, ತಪ್ಪಿಲ್ಲ. ಬೆನ್ನು ಹತ್ತಬೇಡಿ ಅಷ್ಟೇ.

ಈ ಗೆರೆಯನ್ನು ಯುರೋಪಿನಲ್ಲಿ ಎಳೆದಿದ್ದಾರೆ. ಅಲ್ಲಿನ ದತ್ತಾಂಶ ಕಾನೂನು ಜಿಡಿಪಿಆರ್ ಜಾರಿಯಾದದ್ದು 2018ರ ಮೇ 25ರಂದು. ಮೊದಲೇ ಟಿಕ್ ಹಾಕಿಟ್ಟ ಬಾಕ್ಸ್ ಒಪ್ಪಿಗೆ ಅಲ್ಲ ಅಂತ ಯುರೋಪಿನ ನ್ಯಾಯಾಲಯ 2019ರಲ್ಲಿ ಹೇಳಿತು. ಫ್ರಾನ್ಸ್‌ನ ಖಾಸಗಿತನ ನಿಯಂತ್ರಣ ಸಂಸ್ಥೆ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ್ದನ್ನು 2022ರ ಜನವರಿಯಲ್ಲಿ ಪ್ರಕಟಿಸಿತು. ಕಾರಣ ಏನು ಗೊತ್ತಾ? ಕುಕಿ ಒಪ್ಪೋದಕ್ಕೆ ಒಂದು ಕ್ಲಿಕ್, ಬೇಡ ಅನ್ನೋದಕ್ಕೆ ಹಲವು ಕ್ಲಿಕ್. ಅದೇ ಸಂಸ್ಥೆ, ಬರೀ ಎಣಿಕೆಗೆ ಬಳಸುವ ಕುಕಿಗೆ ಷರತ್ತಿನ ಮೇಲೆ ವಿನಾಯಿತಿಯನ್ನೂ ಕೊಟ್ಟಿದೆ. ಆ ಮಾಹಿತಿ ಬೇರೆಯವರಿಗೆ ಹೋಗಬಾರದು, ಒಬ್ಬ ವ್ಯಕ್ತಿಯನ್ನು ಸೈಟಿಂದ ಸೈಟಿಗೆ ಹಿಂಬಾಲಿಸಬಾರದು. ಚೀಟಿಯ ಆಯಸ್ಸು 13 ತಿಂಗಳು ದಾಟದಿರಲಿ ಅಂತಲೂ ಹೇಳಿದೆ.

ನಮ್ಮಲ್ಲಿ? ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಕೇಸಿನಲ್ಲೇ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳನ್ನು ಪಾಲಿಸಲು ಕಂಪನಿಗಳಿಗೆ 18 ತಿಂಗಳ ಗಡುವು. ಕಾಯ್ದೆಯಲ್ಲಿ ಕುಕಿ ಅನ್ನೋ ಪದವೇ ಇಲ್ಲ. ಆದರೆ ಕುಕಿ ಮೂಲಕ ನಿಮ್ಮನ್ನು ಗುರುತಿಸುವಂಥ ಮಾಹಿತಿ ತೆಗೆದುಕೊಂಡರೆ ಅದೂ ವೈಯಕ್ತಿಕ ದತ್ತಾಂಶವೇ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು. 18 ವರ್ಷದೊಳಗಿನ ಮಕ್ಕಳನ್ನು ಹಿಂಬಾಲಿಸಿ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವ ಹಾಗಿಲ್ಲ. ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಒಪ್ಪಿಗೆ ಕೇಳುವ ನೋಟಿಸನ್ನು ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಲೇಬೇಕು. ಅಂದ್ರೆ ಕನ್ನಡದಲ್ಲೂ ಕೊಡಬೇಕು.

ಇಷ್ಟೆಲ್ಲ ಓದಿಕೊಂಡು ನಾನು ನೇರ ಹೋಗಿದ್ದು ನಮ್ಮದೇ ಚಾನೆಲ್‌ನ ವೆಬ್ ಡೆಸ್ಕ್‌ಗೆ. "ನಮ್ಮ ಸೈಟ್ ತೆಗೆದರೆ ಎಷ್ಟು ಜನ ಹೊರಗಿನವರು ಚೀಟಿ ಹಾಕ್ತಾರಪ್ಪಾ?" ಅಂದೆ. ಹುಡುಗ ಕಂಪ್ಯೂಟರಿನಲ್ಲಿ ಪಟ್ಟಿ ತೆಗೆದು ತೋರಿಸಿದ. ಎರಡು ಕೈ ಬೆರಳು ಸಾಲಲಿಲ್ಲ. ಅದರಲ್ಲಿ ಕೆಲವು ಯಾವ ಕಾಲದಲ್ಲಿ ಯಾರು ಹಾಕಿಸಿದ್ದು ಅನ್ನೋದು ಅವನಿಗೂ ಗೊತ್ತಿರಲಿಲ್ಲ. ನಾಚಿಕೆ ಆಯ್ತು. "ಬೇಡ ಅನ್ನೋ ಬಟನ್ನನ್ನು ಓಕೆ ಬಟನ್ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ ಇಡೋಣ" ಅಂದೆ. "ಹಾಗೆ ಮಾಡಿದ್ರೆ ಯಾರೂ ಓಕೆ ಒತ್ತಲ್ಲ ಸಾರ್" ಅಂದ. ಹಾಗಾದ್ರೆ ಇಷ್ಟು ದಿನ ಜನ ಒತ್ತಿದ್ದು ಒಪ್ಪಿಗೆನಾ?

ಜಾಹೀರಾತಿಲ್ಲದೆ ಚಾನೆಲ್ ನಡೆಯಲ್ಲ, ನನ್ನ ಸಂಬಳವೂ ಅದರಿಂದಲೇ. ಆದರೆ ಅಡುಗೆ ಪುಟದಲ್ಲಿ ಕುಕ್ಕರ್ ಜಾಹೀರಾತು ಹಾಕೋದಕ್ಕೆ ಯಾರ ಬೆನ್ನೂ ಹತ್ತಬೇಕಿಲ್ಲ. ಯಾರದ್ದು ಅಂತ ಗೊತ್ತಿಲ್ಲದ ಚೀಟಿಗಳನ್ನು ಆ ವಾರವೇ ಕಿತ್ತುಹಾಕಿದರು. ಬಟನ್ ವಿಷಯ ಮ್ಯಾನೇಜ್‌ಮೆಂಟ್ ಮುಂದಿದೆ. ಆಗುವವರೆಗೂ ಕೇಳ್ತಾನೇ ಇರ್ತೀನಿ.

ನೀವೇನು ಮಾಡಬಹುದು? ಕ್ರೋಮ್ ಬಳಸುವವರು ಸೆಟ್ಟಿಂಗ್ಸ್‌ಗೆ ಹೋಗಿ ಥರ್ಡ್ ಪಾರ್ಟಿ ಕುಕಿಗಳನ್ನು ಬ್ಲಾಕ್ ಮಾಡಿ. ಅವನ್ನು ತಾನೇ ತೆಗೆದುಹಾಕ್ತೀನಿ ಅಂತ 2020ರಲ್ಲಿ ಹೇಳಿದ್ದ ಗೂಗಲ್, 2024ರಲ್ಲಿ ಮನಸ್ಸು ಬದಲಿಸಿತು. ಆಗಾಗ ಹಳೇ ಕುಕಿಗಳನ್ನು ಅಳಿಸಿ. ಬೇಡ ಅನ್ನೋ ಬಟನ್ ಎಲ್ಲಿದೆ ಅಂತ ಹುಡುಕಿ ಒತ್ತಿ. ಹುಡುಕಿದರೂ ಸಿಗದಿದ್ದರೆ, ಆ ಸೈಟಿನವರು ಯಾರೇ ಆಗಿರಲಿ, ಒಂದು ಸಾಲು ಬರೆದು ಕೇಳಿ. ಕನ್ನಡದಲ್ಲೇ ಕೇಳಿ. ನಮ್ಮ ಚಾನೆಲ್‌ನಿಂದಲೇ ಶುರುಮಾಡಿ, ನನಗೇನೂ ಬೇಜಾರಿಲ್ಲ.