ಮಾರಿಷಸ್‌ನ ಎಕೋ ಗಿಳಿ: ಪೊಟರೆಗಾಗಿ ಪೈಪೋಟಿ

ಸೂರ್ಯಕಾಂತಿ, ಮೆಕ್ಕೆಜೋಳ ಬೆಳೆಯುವ ರೈತ ಬಾಂಧವರಿಗೆ ಕೊರಳಪಟ್ಟಿಯ ಹಸಿರು ಗಿಳಿಯನ್ನು ಪರಿಚಯಿಸಬೇಕಾಗಿಲ್ಲ. ತೆನೆ ಹಾಲುಗಟ್ಟುವ ವೇಳೆಗೆ ಅದು ಹೊಲಕ್ಕೆ ಬಂದೇ ಬರುತ್ತದೆ. ಈ ಗಿಳಿಯ ಹತ್ತಿರದ ಸಂಬಂಧಿಯಾದ ಎಕೋ ಗಿಳಿ ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ ಮಾತ್ರ ಬದುಕಿದೆ. 1980ರ ದಶಕದಲ್ಲಿ ಇದರ ಸಂಖ್ಯೆ ಹತ್ತು ಹನ್ನೆರಡಕ್ಕೆ ಇಳಿದಿತ್ತು. ನಮ್ಮ ಗಿಳಿಗಿಂತ ಮೈ ತುಸು ದಪ್ಪ, ಬಾಲ ಮೋಟು. ಗಂಡಿನ ಮೇಲ್ಕೊಕ್ಕು ಕೆಂಪು, ಹೆಣ್ಣಿನದು ಕಪ್ಪು.

ಈ ಪಕ್ಷಿಯ ಅವನತಿಗೆ ಮೂಲಕಾರಣ ಕಾಡಿನ ನಾಶ. ಕಬ್ಬಿನ ಬೇಸಾಯಕ್ಕಾಗಿ ದ್ವೀಪದ ಬಹುಭಾಗ ಬಯಲಾಯಿತು. ಉತ್ತಮ ಸ್ಥಿತಿಯ ಮೂಲ ಅರಣ್ಯ ಇಂದು ಶೇ. 2ಕ್ಕಿಂತ ಕಡಿಮೆ. ಎಕೋ ಗಿಳಿ ಗೂಡು ಕಟ್ಟುವುದಿಲ್ಲ, ಮುದಿಮರದ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ಅಂತಹ ಮರಗಳು ಚಂಡಮಾರುತಕ್ಕೆ ಉರುಳಿದರೆ ಅವುಗಳ ಜಾಗಕ್ಕೆ ಹೊಸ ಮರ ಬೇಗನೆ ಬರುವುದಿಲ್ಲ. ಹೊರಗಿನಿಂದ ಬಂದ ಚೀನಾ ಸೀಬೆ ದಟ್ಟವಾಗಿ ಹಬ್ಬಿ, ಸ್ಥಳೀಯ ಸಸಿಗಳನ್ನು ಮೇಲೇಳಗೊಡುವುದಿಲ್ಲ. ಉಳಿದ ಪೊಟರೆಗಳಿಗೆ ಪೈಪೋಟಿ ನೀಡುತ್ತಿರುವ ಹಕ್ಕಿಗಳು ಯಾವುವೆಂದು ಬಲ್ಲಿರಾ? ಮನುಷ್ಯರು ಅಲ್ಲಿಗೆ ಒಯ್ದ, ನಮಗೆ ಚಿರಪರಿಚಿತವಾದ ಇದೇ ಕೊರಳಪಟ್ಟಿಯ ಗಿಳಿ ಮತ್ತು ಗೊರವಂಕ! ಮೊಟ್ಟೆ, ಮರಿಗಳನ್ನು ಇಲಿ ಹಾಗೂ ಮಂಗಗಳು ಕಬಳಿಸುತ್ತವೆ. ಇವೂ ಹೊರಗಿನಿಂದ ಬಂದವೇ.

ಮಾರಿಷಸ್ ಸರ್ಕಾರ ಮತ್ತು ಮಾರಿಷಸ್ ವನ್ಯಜೀವಿ ಪ್ರತಿಷ್ಠಾನ ಕೈಗೊಂಡ ಕ್ರಮಗಳು ಕೋಳಿ ಸಾಕುವವರಿಗೆ ಸುಲಭವಾಗಿ ಅರ್ಥವಾಗುತ್ತವೆ. ಒಂದೇ ಗೂಡಿನ ಮರಿಗಳಲ್ಲಿ ತಡವಾಗಿ ಒಡೆದದ್ದು ಸಾಮಾನ್ಯವಾಗಿ ಹಸಿವಿನಿಂದ ಸಾಯುತ್ತಿತ್ತು. ಅಂತಹ ಮರಿಗಳನ್ನು ತೆಗೆದು ಕೈತುತ್ತು ನೀಡಿ ಸಾಕಿದರು ಅಥವಾ ಮರಿಯಿಲ್ಲದ ಜೋಡಿಗೆ ಒಪ್ಪಿಸಿದರು. ಕೃತಕ ಗೂಡುಪೆಟ್ಟಿಗೆಗಳನ್ನು ಮರಗಳಿಗೆ ಕಟ್ಟಿದರು, ಮೇವಿನ ತಾಣಗಳನ್ನು ಒದಗಿಸಿದರು, ಇಲಿಗಳನ್ನು ನಿಯಂತ್ರಿಸಿದರು. 2000ದ ದಶಕದ ಮಧ್ಯಭಾಗದಲ್ಲಿ ಕೊಕ್ಕು ಮತ್ತು ಗರಿಗಳನ್ನು ಕೆಡಿಸುವ ವೈರಾಣು ರೋಗ ಕಾಣಿಸಿಕೊಂಡಾಗ ಈ ಪದ್ಧತಿಯ ಇನ್ನೊಂದು ಮುಖವೂ ತಿಳಿಯಿತು: ಒಂದೇ ತಟ್ಟೆಯಲ್ಲಿ ಹಲವು ಹಕ್ಕಿಗಳು ಉಂಡರೆ ಸೋಂಕಿಗೂ ಹಾದಿ ಸುಲಭ. ಆದರೂ ಸಂಖ್ಯೆ ಏರುತ್ತಲೇ ಹೋಯಿತು. ಇಂದು ಏಳುನೂರಕ್ಕೂ ಮಿಕ್ಕಿ ಹಕ್ಕಿಗಳಿವೆ. ತೀವ್ರ ಅಪಾಯದ ವರ್ಗದಲ್ಲಿದ್ದ ಈ ಪ್ರಭೇದವನ್ನು 2007ರಲ್ಲಿ ಒಂದು ಹಂತ, 2019ರಲ್ಲಿ ಮತ್ತೊಂದು ಹಂತ ಕೆಳಗಿಳಿಸಲಾಗಿದೆ. ಆದರೆ ಮೂಲ ಅರಣ್ಯ ಹೆಚ್ಚದ ಕಾರಣ ಪೆಟ್ಟಿಗೆ ಮತ್ತು ಮೇವಿನ ಆಸರೆಯನ್ನು ಕೈಬಿಡುವಂತಿಲ್ಲ.

ನಮ್ಮಲ್ಲಿ ಕಾಡುಗಿಳಿಯನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಅಪರಾಧ. ಸಾಕಲು ತಂದ ವಿದೇಶಿ ಹಕ್ಕಿಗಳನ್ನು ಬೇಸರವಾಯಿತೆಂದು ಹೊರಗೆ ಹಾರಿಬಿಡುವುದೂ ಸಲ್ಲದು. ಬದುವಿನ ಮೇಲಿನ ಹಳೆಯ ಮರದಲ್ಲಿ ಪೊಟರೆಯಿದ್ದರೆ, ಸೌದೆಗೆಂದು ಕೊಡಲಿ ಹಾಕುವ ಮುನ್ನ ಅದರಲ್ಲಿ ಯಾವ ಹಕ್ಕಿ ವಾಸವಿದೆಯೆಂದು ಒಮ್ಮೆ ನೋಡಿರಿ.